ಬಿಚ್ಚಿ ಕಟ್ಟುವ ಮನೆಯ ದಸ್ತಗೀರ ಕಾಕಾ

ನಮ್ಮ ಪಕ್ಕದ ದಸ್ತಗೀರ ಕಾಕಾ ಬಕೆಟ್ಟಿನಲ್ಲಿ ಸಮುದ್ರ ಸಾಕಿದ್ದರು. ಗಬ್ಬೂರಿನ ಬೈಪಾಸ್ ಬದಿಯ ಅವರ ಶೆಡ್ಡಿನ ಬಾಗಿಲಲ್ಲಿ ಉಪ್ಪುನೀರಿನ ನೀಲಿ ಬಕೆಟ್ಟು, ಅದರ ತಳದಲ್ಲಿ ತರಾವರಿ ಬೋಲ್ಟುಗಳು. ಬೆಳಿಗ್ಗೆ ಚಹಾ ಕುಡಿಯುತ್ತ ಒಂದೊಂದನ್ನೇ ಎತ್ತಿ ಕಣ್ಣಿನ ಹತ್ತಿರ ಹಿಡಿಯುವರು. ತುಕ್ಕು ಕಂಡರೆ "ಇಂವ ಮೋಸಗಾರ" ಎಂದು ಮೂಲೆಗೆಸೆಯುವರು. ಉಪ್ಪು ಮಾತ್ರ ನಮ್ಮ ಮನೆಯದು. "ಅಕ್ಕಾರ, ಸಮುದ್ರ ಸಪ್ಪಗ ಆಗೇತ್ರಿ, ಒಂದು ಮುಷ್ಟಿ ಉಪ್ಪು ಕೊಡ್ರಿ" ಎಂದು ಕಂಪೌಂಡಿನ ಮೇಲಿಂದ ಕೈ ಚಾಚುತ್ತಿದ್ದರು.

ಆಯುಷ್ಯವಿಡೀ ಲಾರಿಗಳಿಗೆ ಬಾಡಿ ಕಟ್ಟಿದವರು ಅವರು. ಕರಾವಳಿಯ ಮೀನುಗಾರರಿಗೆ ಮನೆ ಕಟ್ಟಿಸಿಕೊಡುವ ಸಂಘವೊಂದು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಅಲ್ಲಿ ಕಡಲು ದಂಡೆಯನ್ನು ತಿನ್ನುತ್ತ ಒಳಗೆ ಬರುತ್ತಿದೆ. ನೀರು ಹತ್ತಿರವಾದರೆ ಬಿಚ್ಚಿ, ಹಿಂದಕ್ಕೆ ಒಯ್ದು, ಮತ್ತೆ ಜೋಡಿಸುವಂಥ ಮನೆ ಬೇಕಾಗಿತ್ತು. ಬಿದಿರಿನ ಹಲಗೆಯ ಗೋಡೆ, ಅಡಿಯಲ್ಲಿ ನೀರು ಹರಿದು ಹೋಗಲು ಎತ್ತರದ ಕಾಲುಗಳು, ಎಲ್ಲವೂ ಆ ಬಕೆಟ್ಟಿನ ಉಪ್ಪುನೀರಿನಲ್ಲಿ ತುಕ್ಕು ಹಿಡಿಯದೆ ಉಳಿದ ಬೋಲ್ಟಿನ ಮೇಲೆ. ವೆಲ್ಡಿಂಗ್ ಮಾತ್ರ ಬೇಡವೇ ಬೇಡ ಎಂದರು ಕಾಕಾ. "ವೆಲ್ಡ್ ಮಾಡಿದ್ರ ಮುಗೀತ್ರಿ, ಆಮ್ಯಾಗ ಅದು ಯಾರ ಮಾತೂ ಕೇಳೂದಿಲ್ಲ."

ಮೊದಲ ಮನೆ ಅಂಕೋಲೆಯ ಕಡೆಯ ಗುಲಾಬಿಯದು. ಹಿಂದಿನ ಮಳೆಗಾಲದಲ್ಲಿ ಅವಳ ಮನೆಯ ಅರ್ಧವನ್ನು ಕಡಲು ಎಳೆದುಕೊಂಡಿತ್ತು. ಮಕ್ಕಳೊಂದಿಗೆ ತಂಗಿಯ ಮನೆಯ ಜಗಲಿಯ ಮೇಲೆ ದಿನ ಕಳೆಯುತ್ತಿದ್ದಳು. ಮುಂದಿನ ಮಳೆ ಹಿಡಿಯುವುದರೊಳಗೆ ಮನೆ ನಿಲ್ಲಬೇಕು ಎಂಬುದು ಕರಾರು.

ಕಾಕಾ ಅದನ್ನು ಮೊದಲು ತಮ್ಮ ಅಂಗಳದಲ್ಲೇ ನಿಲ್ಲಿಸಿದರು. ನಿಲ್ಲಿಸಿ ನನ್ನನ್ನು ಕರೆದರು. "ಅಡಿಗಿ ಮಾಡಿ ನೋಡದ ಮನಿ ಗೋಡೌನ್ ಇದ್ಧಂಗ್ರಿ. ನೀವು ಬಂದು ನಾಕು ರೊಟ್ಟಿ ಬಡೀರಿ." ನನಗೆ ಅನುಕೂಲವಾಗಲೆಂದು ಒಳಗೆ ಒಲೆಯ ಪಕ್ಕ, ಹಿಂದಿನ ಗೋಡೆಗೆ ತಾಗಿಸಿ, ತಗ್ಗಿನ ಕಟ್ಟೆಯನ್ನೂ ಜೋಡಿಸಿದ್ದರು. ನಾನು ಜೋಳದ ಹಿಟ್ಟು ನಾದಿ ಬಡಿಯತೊಡಗಿದೆ. ಇಡೀ ಮನೆ ತನ್ನ ಕಾಲುಗಳ ಮೇಲೆ ಧಿಂ ಎಂದಿತು. ಹೆದರಿ ಕೈ ತಡೆದರೆ ನೆಲದ ಕೆಳಗಿನಿಂದ ದನಿ ಬಂತು: "ನಿಲ್ಲಿಸಬ್ಯಾಡ್ರಿ ಅಕ್ಕಾರ! ಎಲ್ಲೋ ಒಂದು ಗುನುಗುಡಾಕತ್ತೇತಿ!" ಕಾಕಾ ನಟ್ಟು ತಿರುವುವ ಪಾನಾ ಹಿಡಿದು ಮನೆಯಡಿ ಅಂಗಾತ ಮಲಗಿದ್ದರು. ನಾನು ಬಡಿದಂತೆಲ್ಲ ಅವರು ಸಪ್ಪಳ ಹುಡುಕಿ ನಟ್ಟು ಬಿಗಿಯುವರು. ಚಹಾ ತಂದ ಅವರ ಹೆಂಡತಿ ಬೀಬಿಜಾನ್ ಬಗ್ಗಿ ನೋಡಿದರು. "ಮನ್ಯಾಗ ನಳ ಸೋರಾಕತ್ತು ಎಷ್ಟ ದಿನಾತು. ಅದರ ಬುಡಕ ಹಿಂಗ ಒಂದ್ ದಿನಾ ಮಲಗಲಿಲ್ಲ ನೋಡ್ರಿ ಇವರು!"

ಮದುವೆಯಾಗಿ ಬಂದಂದಿನಿಂದ ರೊಟ್ಟಿ ಬಡಿಯುತ್ತಿದ್ದೇನೆ. ಆ ಸಪ್ಪಳಕ್ಕೆ ಕಿವಿಗೊಟ್ಟು, ಅದರಿಂದ ಏನೋ ತಿಳಿಯುತ್ತದೆ ಎಂದವರು ಅವರೊಬ್ಬರೇ. ಆ ಋಣ ನನ್ನ ಮೇಲಿದೆ.

ಬೇಸಿಗೆಯ ಕೊನೆಗೆ ಗುಲಾಬಿ ಮನೆ ನೋಡಲು ಬಂದಳು. ಸುತ್ತ ಕಣ್ಣಾಡಿಸಿ ಕಟ್ಟೆಯ ಮುಂದೆ ನಿಂತಳು.

"ಇದೆಂತದು ಕಾಕಾ?"

"ರೊಟ್ಟಿ ಬಡಿಯಾಕ, ತಂಗೀ. ಇಂಥಾ ಕಟ್ಟಿ ಹುಬ್ಬಳ್ಳ್ಯಾಗ ಯಾರ ಮನ್ಯಾಗೂ ಸಿಗೂದಿಲ್ಲ."

"ನಾವು ಅನ್ನ ಉಣ್ಣೋರು. ಮೀನು ಎಲ್ಲಿ ಕೊಯ್ಯೂದು?"

ಕಾಕಾ ನನ್ನನ್ನು ನೋಡಿದರು, ನಾನು ಕಾಕಾನನ್ನು ನೋಡಿದೆ. ಇಷ್ಟು ದಿನ ಒಲೆ, ಹೊಗೆ, ಕಿಟಕಿ ಎಲ್ಲದರ ಮಾತಾಗಿತ್ತು, ಮೀನಿನದೊಂದು ಬಿಟ್ಟು. "ಅಕ್ಕಾರ ಮನ್ಯಾಗ ತತ್ತಿ ಸುದ್ದಾ ಬರೂದಿಲ್ಲ," ಎಂದರು ಕಾಕಾ. "ನಾ ಮಟನ್ ತಿನ್ನಾಂವ, ಅದು ಅಂಗಡ್ಯಾಗ ಕೊಯ್ಸಿಕೊಂಡ ಬರತೇತಿ. ಮೀನಗಾರರ ಮನಿ ಕಟ್ಟಾಕ ಛಲೋ ಜೋಡಿ ಕೂಡೇತಿ ನಮ್ಮದು!"

ಎಲ್ಲರೂ ನಕ್ಕೆವು. ಗುಲಾಬಿಯ ನಗು ಬೇಗ ಆರಿತು. "ಮಳೆಗೆ ದಿನ ಉಳೀಲಿಲ್ಲ ಕಾಕಾ. ಮತ್ತೆ ಮೊದಲಿಂದ ಕಟ್ಟೂದಾದ್ರೆ ಮಕ್ಕಳನ್ನ ಎಲ್ಲಿ ಇಟ್ಕೊಳ್ಳಲಿ? ತಂಗಿ ಗಂಡ ಮುಖ ಕೊಟ್ಟು ಮಾತಾಡೂದೂ ಬಿಟ್ಟಿದಾನೆ."

"ಮೊದಲಿಂದ ಯಾರ ಕಟ್ಟತಾರ?" ಕಾಕಾ ಪಾನಾ ತೆಗೆದು ಅವಳ ಕೈಗಿಟ್ಟರು. "ಹಿಡಿ. ಎಡಕ್ಕ ತಿರುವು."

ಅವಳು ಅನುಮಾನದಿಂದಲೇ ತಿರುವಿದಳು. ಮೊದಲ ನಟ್ಟು ಜಗ್ಗಲಿಲ್ಲ. ಕಾಕಾ ಕೈ ಹಾಕಲಿಲ್ಲ, "ಮೀನಿನ ಬಲಿ ಜಗ್ಗಾಕಿ ನೀ, ಇದಕ್ಕ ಅಂಜತೀಯೇನ?" ಎಂದು ಕೆಣಕಿದರು. ನಟ್ಟು ಸಡಿಲಾಯಿತು. ಮಧ್ಯಾಹ್ನದೊಳಗೆ ಹಿಂದಿನ ಗೋಡೆ ಒಂದು ಹಲಗೆಯಷ್ಟು ಒಳಗೆ ಸರಿಯಿತು. ರೊಟ್ಟಿಯ ಕಟ್ಟೆ ಸೂರಿನಡಿ ಹೊರಗೆ ಬಂದು, ನೀರು ಇಳಿಯುವಂತೆ ವಾರೆಯಾಗಿ ಕೂತಿತು. ಗುಲಾಬಿ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಇಲ್ಲದ ಮೀನನ್ನು ಎಡಗೈಯಲ್ಲಿ ಹಿಡಿದು ಕೊಯ್ದು ನೋಡಿ, "ಸಾಕು, ಇಷ್ಟು ಸಾಕು" ಎಂದಳು. ಕಾಕಾ ಆ ಪಾನಾವನ್ನು ಅವಳಿಗೇ ಬಿಟ್ಟುಕೊಟ್ಟರು.

ಮಳೆಗೆ ಮುಂಚೆಯೇ ಲಾರಿ ಘಟ್ಟ ಇಳಿಯಿತು. ಕಾಕಾನ ಫೋನು ಯಾವಾಗಲೂ ಬಂದ್ ಇರುತ್ತಿದ್ದುದರಿಂದ ಗುಲಾಬಿ ನನ್ನ ನಂಬರೇ ಇಟ್ಟುಕೊಂಡಳು. ಮೊದಲ ಮಳೆಯ ದಿನ ತನ್ನ ಸೂರಿನ ಮೇಲಿನ ಸದ್ದನ್ನು ಫೋನಿನಲ್ಲಿ ಕೇಳಿಸಿದಳು. ಕಾಕಾ ಕಂಪೌಂಡಿಗೆ ಒರಗಿ, ಕಣ್ಣು ಮುಚ್ಚಿ, ನನ್ನ ಫೋನು ಕಿವಿಗಿಟ್ಟುಕೊಂಡು ನಿಂತೇ ಇದ್ದರು.

ಆ ವರ್ಷದ ಚಳಿಯಲ್ಲಿ, ಬೆಳಗಿನ ನಮಾಜಿಗೆ ಎದ್ದವರು ಎದೆ ಹಿಡಿದು ಕುಳಿತರು. ಆಸ್ಪತ್ರೆ ಮುಟ್ಟುವವರೆಗೆ ಉಳಿಯಲಿಲ್ಲ.

ಮರುವರ್ಷ ಆಷಾಢದಲ್ಲಿ ಗುಲಾಬಿಯ ಫೋನು ಬಂತು. "ಅಕ್ಕಾ, ಕಡಲು ಅಂಗಳಕ್ಕೆ ಬಂದಿತ್ತು. ನಾನೂ ತಂಗಿಯೂ ಕೇರಿಯ ಹೆಂಗಸರೂ ಸೇರಿ ಮನೆ ಬಿಚ್ಚಿ, ತೆಂಗಿನ ಮರದ ಹಿಂದೆ ತಂದು ಕಟ್ಟಿದ್ವಿ. ಇಲ್ಲೇ ಅನ್ನ ಮಾಡಿ ಉಂಡ್ವಿ. ಜೋಡಿಸಿದ ಮೇಲೆ ಒಂದು ಬೋಲ್ಟೂ ಮಿಕ್ಕಲಿಲ್ಲ ಅಂತ ಕಾಕಾನಿಗೆ ಹೇಳಿ."

ಕಾಕಾ ಹೋದ ಸುದ್ದಿ ಹೇಳಿದೆ. ಯಾವಾಗ, ಹೇಗೆ ಎಂದೆಲ್ಲ ಕೇಳಿದಳು. ಆಮೇಲೆ, "ಹಾಗಾದ್ರೆ ಬೀಬಿಜಾನಕ್ಕನಿಗಾದ್ರೂ ಹೇಳಿ" ಎಂದಳು.

ಹೋದೆ. ಬೀಬಿಜಾನ್ ಅಕ್ಕಿ ಆರಿಸುತ್ತಿದ್ದರು. ಎಲ್ಲವನ್ನೂ ಕೇಳಿ ಮುಗಿದ ಮೇಲೆ, "ಒಂದೂ ಮಿಕ್ಕಲಿಲ್ಲಂತ?" ಎಂದರು.

"ಇಲ್ಲಂತ್ರಿ."

ಅವರು ಸೆರಗು ಬಾಯಿಗೊತ್ತಿಕೊಂಡರು. ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಸರಿದರೆ, ನಗುತ್ತಿದ್ದರು. ಕಣ್ಣುಗಳು ಮಾತ್ರ ತುಂಬಿದ್ದವು. "ನಮ್ಮವರು ಜೋಡಿಸಿದ್ರ ಖಾಯಂ ಎರಡ್ಮೂರು ಮಿಗತಿದ್ವು ಅಕ್ಕಾರ. ಯಾರಿಗೂ ಕಾಣದಂಗ ಕಿಸೇದಾಗ ಹಾಕ್ಕೊಂಡು ಬರತಿದ್ರು. ನಾ ಅರಿಬಿ ಒಗಿಯೂ ಮುಂದ ಸಿಗತಿದ್ವು."