ಎದುರಿಗೇ ನಿಲ್ಲುತ್ತಿದ್ದ ತನುಜಾ

ನನ್ನ ಮಗಳು ತನುಜಾಳನ್ನು ನನ್ನ ತಮ್ಮ ರುದ್ರೇಶನಿಗೇ ಕೊಟ್ಟು ಮದುವೆ ಮಾಡಿಸಿದವಳು ನಾನು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಮಗಳು ಭದ್ರಾವತಿಯಲ್ಲೇ ಇರುತ್ತಾಳೆ, ಅಳಿಯನ ಗುಣವೂ ಗೊತ್ತಿದೆ ಎಂದು ಊರೆಲ್ಲ ಹೇಳಿಕೊಂಡು ಬೀಗಿದ್ದೆ. ತನುಜಾ ಹುಟ್ಟಾ ಬಾಯಿಬಡುಕಿ, ಯಾರಿಗೂ ಹೆದರಿದವಳಲ್ಲ.

ಅವಳ ಮೊದಲ ಮಗು ಪ್ರಿಯದರ್ಶಿನಿ ಪಕ್ಕಕ್ಕೆ ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸುತ್ತಿದ್ದಳು. ನಾನು ಪ್ರೈಮರಿ ಶಾಲೆಯ ಟೀಚರು ಬೇರೆ! ಓದಿಸುವಾಗ ಗದ್ದ ಹಿಡಿದು, "ತಲೆ ಆಡಿಸ್ಬೇಡ ಕಣೇ, ಕಣ್ಣು ಆಡ್ಸು" ಎಂದು ಗದರುತ್ತಿದ್ದೆ. "ಆಗಲ್ಲ ಅಜ್ಜಿ" ಎಂದರೆ ಎದುರುತ್ತರ ಕೊಡುತ್ತೀಯಾ ಎಂದು ಮೊಟಕುತ್ತಿದ್ದೆ. ನನ್ನ ಕೈ ಸೇದಿಹೋಗ!

ಏಳನೇ ವರ್ಷಕ್ಕೆ ಅವಳ ಬೆನ್ನು ಸೊಟ್ಟಗಾಯಿತು. ಶಿವಮೊಗ್ಗದ ಡಾಕ್ಟರ್ ಶಿವಶಂಕರಪ್ಪ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ೨೦೦೫ರಲ್ಲಿ ರಿಪೋರ್ಟ್ ಬಂದಾಗ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಜಗದಾಂಬಾ ಟೀಚರ್, ಗರ್ಭದಲ್ಲಿ ಮೆದುಳು ಬೆಳೆಯೋವಾಗ ನರದ ಎಳೆಗಳು ದಾರಿ ಹುಡುಕ್ಕೊಂಡು ಹೋಗ್ತವೆ. ಎಳೆಯ ತುದೀಲಿ ರಿಸೆಪ್ಟರ್ ಅನ್ನೋ ಪ್ರೋಟೀನ್‌ಗಳಿರ್ತವೆ. ಇತ್ತ ಬಾ, ಅತ್ತ ಹೋಗ್ಬೇಡ ಅನ್ನೋ ರಾಸಾಯನಿಕ ಸೂಚನೆ ಹಿಡಿಯೋದು ಅವೇ. ಈ ಮಗೂಲಿ ಅಂಥ ಒಂದು ಪ್ರೋಟೀನ್ ಸರಿಯಾಗಿಲ್ಲ. ಮೆದುಳಿನ ನಡುಗೆರೆ ದಾಟಿ ಆ ಕಡೆ ಹೋಗ್ಬೇಕಾದ ಎಳೆಗಳು ಈ ಕಡೇನೇ ಉಳಿದಿವೆ. ಕಣ್ಣು ಪಕ್ಕಕ್ಕೆ ಹೊರಳದೇ ಇರೋದು, ಬೆನ್ನು ಬಾಗಿರೋದು ಅದಕ್ಕೇ. ಬುದ್ಧಿ ಚುರುಕಾಗೇ ಇದೆ."

ರಕ್ತಸಂಬಂಧದ ಮದುವೆ, ಒಂದೇ ದೋಷ ತಂದೆತಾಯಿ ಇಬ್ಬರಿಂದಲೂ ಬಂದಿದೆ, ಮುಂದಿನ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ ಎಂದರು. ತನುಜಾ ಆಗ ಏಳು ತಿಂಗಳ ಬಸುರಿ.

ಊರಿಗೆ ವಾಪಸಾಗುವ ಬಸ್ಸು ಮಾಚೇನಹಳ್ಳಿ ದಾಟಿತು. ಆಮೇಲೆ ತನುಜಾ, "ಅಮ್ಮಾ, ಈ ಮಗೂಗೂ ಇದ್ಯೋ ಇಲ್ವೋ ಅಂತ ನಂಗೆ ಗೊತ್ತಾಗೋದೇ ಬೇಡ" ಎಂದಳು.

ಗಂಡು ಮಗು ಹುಟ್ಟಿತು. ಮೂರು ತಿಂಗಳ ಹೊತ್ತಿಗೆ ಕಣ್ಣಿನ ಓಡಾಟ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ತನುಜಾ ಮಗುವಿನ ಬಳಿ ಬಂದರೆ ಎದುರಿನಿಂದಲೇ ಬರುವಳು. ಪಕ್ಕದಲ್ಲಿ ನಿಂತು ಕರೆಯಳು, ನಮ್ಮನ್ನೂ ಕರೆಯಗೊಡಳು. ರುದ್ರೇಶ ಒಮ್ಮೆ ಪಕ್ಕದಿಂದ ಗಿಲಕಿ ಆಡಿಸಹೋದಾಗ ಕಿತ್ತುಕೊಂಡಳು.

"ತಿರುಗಿ ನೋಡದೇ ಇದ್ರೆ ಏನ್ ಮಾಡ್ಲಿ ಮಾವ?"

"ಎಷ್ಟು ದಿನ ಅಂತ ಹೀಗೆ, ಮಾರಾಯ್ತಿ?" ಎಂದು ನಾನು ರೇಗಿದೆ. ರೇಗಿದ್ದೇನೋ ಸರಿ, ಗಿಲಕಿ ಎತ್ತಿಕೊಳ್ಳಲು ನನಗೂ ಧೈರ್ಯವಿರಲಿಲ್ಲ. ತಪ್ಪು ನನ್ನದು ತಾನೇ? ನಾಲ್ಕು ತಿಂಗಳಾಯಿತು.

ಒಂದು ಭಾನುವಾರ ಗಿಲಕಿಯ ಸದ್ದು ಕೇಳಿತು. ಬೆನ್ನಿಗೆ ಬೆಲ್ಟು ಕಟ್ಟಿಕೊಂಡ ಪ್ರಿಯದರ್ಶಿನಿ ತೊಟ್ಟಿಲ ಪಕ್ಕ ಕೂತು ಆಡಿಸುತ್ತಿದ್ದಳು. ತನುಜಾ ಸೌಟು ಹಿಡಿದೇ ಓಡಿ ಬಂದಳು. ಅಷ್ಟರಲ್ಲಿ ಆಗಿಹೋಗಿತ್ತು. ಮಗುವಿನ ತಲೆ ಅಲ್ಲೇ ಇತ್ತು, ಕಣ್ಣೆರಡೂ ಗಿಲಕಿಯ ಕಡೆ ಹೊರಳಿದವು. ಪ್ರಿಯದರ್ಶಿನಿ ಗಿಲಕಿಯನ್ನು ಇನ್ನೊಂದು ಬದಿಗೆ ಒಯ್ದಳು. ಕಣ್ಣುಗಳೂ ಆ ಬದಿಗೆ ಹೋದವು.

"ಅಕ್ಕಾ, ನೋಡ್ದ!" ಎಂದು ರುದ್ರೇಶ ಕೂಗಿದ. ತನುಜಾ ನೆಲದ ಮೇಲೆ ಕೂತು ಬಿಕ್ಕಿದಳು. ನಾನು ಒಳಗೆ ಓಡಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದೆ. ಪ್ರಿಯದರ್ಶಿನಿಯ ಬಾಯಿಗೂ ಹಾಕಿದೆ.

ಸಕ್ಕರೆ ಚೀಪುತ್ತಾ ಅವಳು ಕೇಳಿದಳು: "ಅಜ್ಜಿ, ಪಾಪು ನನ್ನ ಥರ ಇಲ್ಲ ಅಂತಾನಾ ಎಲ್ರಿಗೂ ಇಷ್ಟು ಖುಷಿ?"

ತನುಜಾಳ ಅಳು ನಿಂತುಹೋಯಿತು. ಸೌಟು ಕೆಳಗಿಟ್ಟು, ಪ್ರಿಯದರ್ಶಿನಿಯ ಎದುರಿಗೆ ಬಂದು ಕೂತಳು.