ಹನುಮಾನ್ ಘಾಟಿನ ಪಾರ್ಟಿ

ನನ್ನನ್ನು ಯಾರೂ ಪಾರ್ಟಿಗಳಿಗೆ ಕರೆಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಅಸ್ಸಿ ಘಾಟಿನ ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷ ಒಬ್ಬಳೇ ಕಳೆದ ನನಗೆ ಆ ಪದದ ಮೇಲೇ ಸ್ವಲ್ಪ ಹೊಟ್ಟೆಕಿಚ್ಚು.

ಎಂಥ ಪದ ನೋಡಿ! ಕೇಕು ಕತ್ತರಿಸುವುದೂ ಪಾರ್ಟಿ, ಚುನಾವಣೆಗೆ ನಿಲ್ಲುವುದೂ ಪಾರ್ಟಿ, ಕೋರ್ಟಿನಲ್ಲಿ ಎದುರುಬದುರು ನಿಂತವರೂ ಪಾರ್ಟಿಗಳೇ. ಇಂಗ್ಲಿಷಿನವರ ಅರ್ಥಗಳು ಸಾಲದೆಂದು ನಾವೂ ಕೈಲಾದಷ್ಟು ಸೇರಿಸಿದ್ದೇವೆ. ಸೈಟು ನೋಡಲು ಬಂದವನು ‘ಒಳ್ಳೆ ಪಾರ್ಟಿ’. ಬೆಲೆ ಕೇಳಿ ಜಾರಿಕೊಂಡರೆ ‘ಕಿಲಾಡಿ ಪಾರ್ಟಿ’. ಹನುಮಾನ್ ಘಾಟಿನ ನಮ್ಮ ಕನ್ನಡ ಪುರೋಹಿತರ ಮನೆಯಲ್ಲಿ ಮಾತ್ರ ಪಾರ್ಟಿ ಎಂದರೆ ಊರ ಕಡೆಯಿಂದ ಬರುವ ಯಾತ್ರಿಕರ ತಂಡ. ಪುರೋಹಿತರ ಹೆಂಡತಿ ಸಾವಿತ್ರಮ್ಮ ಹುಟ್ಟಿದ್ದೇ ಕಾಶಿಯಲ್ಲಿ.

“ಅರೇ ಮೇಡಂ, ನಾಳೆ ಹಾವೇರಿ ಪಾರ್ಟಿ ಬರ್ತದೆ. ಪೂರಾ ಹದಿನೆಂಟು ಜನ!” ಎಂದು ಮೊನ್ನೆ ಫೋನ್ ಮಾಡಿದರು. ಮರುದಿನ ಬಡಿಸಲು ನೆರವಾಗುವ ನೆಪದಲ್ಲಿ ಓಡಿದೆ. ನಿಜವಾಗಿ ಓಡುವುದು ಕನ್ನಡ ಕೇಳಲು.

ಕಾಶಿಗೆ ಬಂದವರು ಇಷ್ಟದ ತಿನಿಸೊಂದನ್ನು ಬಿಟ್ಟು ಹೋಗಬೇಕಲ್ಲ, ಪಂಕ್ತಿಯಲ್ಲಿ ಅದರದೇ ಚರ್ಚೆ.

“ನಾ ಹಾಗಲಕಾಯಿ ಬಿಟ್ಟೆ ನೋಡ್ರಿ,” ಎಂದಳು ಒಬ್ಬ ಅಜ್ಜಿ.

“ಅಯ್ಯ ಅಜ್ಜಿ, ಅದನ್ನ ನೀ ಯಾವತ್ತ ತಿಂದೀ?” ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು.

“ನೀ ಏನ್ ಬಿಟ್ಟೀ ತಂಗಿ?” ಅಜ್ಜಿ ನನ್ನತ್ತ ತಿರುಗಿದಳು. ಊರು ಬಿಟ್ಟೆ ಎನ್ನಲು ಹೋದವಳು ಹೋಳಿಗೆಯ ತಟ್ಟೆ ಎತ್ತಿಕೊಂಡೆ. “ಇನ್ನೊಂದು ಹೋಳಿಗೆ ಹಾಕಲಾ ಅಜ್ಜಿ?” ಎಂದೆ.

ಊಟ ಮುಗಿಸಿ ಹೊರಟವರನ್ನು ಕಳಿಸಲು ಓಣಿಯ ತುದಿಯವರೆಗೆ ಹೋದೆ. ಟೂರಿನ ಮ್ಯಾನೇಜರು ತಲೆ ಎಣಿಸಿದ. ಹತ್ತೊಂಬತ್ತು! ಮತ್ತೆ ಎಣಿಸಿದ. ನಾನೂ ಅವರ ನಡುವೆಯೇ ನಿಂತಿದ್ದೆ.

“ಒಬ್ಬರು ಹೆಚ್ಚಾಗ್ಯಾರಲ್ರೀ!” ಎಂದ. ಅಜ್ಜಿ ನನ್ನ ಕೈ ಹಿಡಿದೇ ಇದ್ದಳು. ನಾನೇ ಬಿಡಿಸಿಕೊಂಡು ಪಕ್ಕಕ್ಕೆ ಸರಿದೆ. ಹದಿನೆಂಟಾಯಿತು, ಆಟೋಗಳು ಹೊರಟವು. ಐವತ್ತು ದಾಟಿದವಳು ಬೀದಿಯಲ್ಲಿ ನಿಂತು ಅಳುವುದು ಚೆನ್ನಾಗಿರುವುದಿಲ್ಲವೆಂದು, ಪಾತ್ರೆ ತೊಳೆದುಕೊಡುವ ನೆಪದಲ್ಲಿ ಮರಳಿ ಹೋದೆ.

ಸಾವಿತ್ರಮ್ಮ ಪಾತ್ರೆ ತೊಳೆದು ಬೋರಲು ಹಾಕಿಯಾಗಿತ್ತು. ಇನ್ನು ನಿಲ್ಲಲು ನೆಪವೇ ಇರಲಿಲ್ಲ. ಚಪ್ಪಲಿ ಮೆಟ್ಟುತ್ತ, “ಮುಂದಿನ ಪಾರ್ಟಿ ಯಾವಾಗ?” ಎಂದೆ.

“ಈ ವಾರ ಯಾವ ಪಾರ್ಟೀನೂ ಇಲ್ಲ,” ಎಂದರು. “ನಾಳೆ ಊಟಕ್ಕೆ ಬನ್ನಿ ಮೇಡಂ. ಬರೀ ಅನ್ನ ಸಾರು. ನಾವು ಮೂರೇ ಜನ.”

ಆ ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ಅಸ್ಸಿಯವರೆಗೂ ತಲೆ ಎಣಿಸುತ್ತಲೇ ನಡೆದೆ. ಪ್ರತಿ ಸಲವೂ ಮೂರೇ ಬಂತು.