ಹೆಂಗಸರ ಸೋಮವಾರ

ಆಪಾ ಅವರ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವರ ಕೈ ಒಣಗಿದ್ದನ್ನು ನೋಡಿದ ನೆನಪೇ ನನಗಿಲ್ಲ. ಹತ್ತಿರ ಬಂದರೆ ಬ್ಲೀಚಿಂಗ್ ಪುಡಿಯ ವಾಸನೆ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡು ಮುಂದಕ್ಕೆ ಹಾಕುತ್ತ ಬಂದೆ. ಅವರದನ್ನು ಬರೆದರೆ ನನ್ನದನ್ನೂ ಬರೆಯಬೇಕಾಗುತ್ತದೆ, ಕಾರಣ ಅಷ್ಟೇ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆ ಪಕ್ಕ ನಮ್ಮ ಸಾಹುಕಾರರ ಅಕ್ಕಿ ಗಿರಣಿ ಇತ್ತು. ಗಿರಣಿ ನಡೆಯದಾದಾಗ ಅವರು ಅದೇ ಜಾಗದಲ್ಲಿ ವಾಟರ್ ಪಾರ್ಕ್ ಮಾಡಿದರು. ಎರಡು ಕೊಳ, ಎತ್ತರದ ಒಂದು ಜಾರುಬಂಡೆ, ಮೇಲಿಂದ ಮಳೆಯಂತೆ ನೀರು ಸುರಿಯುವ ಒಂದು ಅಂಗಳ. ಗಿರಣಿಯಲ್ಲಿ ತೂಕ ನೋಡುತ್ತಿದ್ದ, ಹೈಸ್ಕೂಲು ಮಾತ್ರ ಓದಿದ್ದ ನನ್ನನ್ನೇ ಮ್ಯಾನೇಜರ್ ಮಾಡಿದರು. ಕೊಳ ಕಾಯಲು ಬಂದವರು ಆಪಾ. ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮನೆಯವರು, ಚಿಕ್ಕಂದಿನಲ್ಲಿ ಕೆರೆಯಲ್ಲಿ ಪಾತ್ರೆ ಉಜ್ಜುತ್ತಲೇ ಈಜು ಕಲಿತವರು. ಆಪಾ ಎಂದರೆ ಅಕ್ಕ. ಸಾಹುಕಾರರೂ ಹಾಗೇ ಕರೆಯುತ್ತಿದ್ದರು.

ಸೋಮವಾರ ಪೂರ್ತಿ ಹೆಂಗಸರಿಗೆ ಬಿಡಬೇಕು ಎಂದು ಸಾಹುಕಾರರ ಬೆನ್ನು ಬಿದ್ದವರು ಅವರೇ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಈಗ ಉಳುಮೆಯೆಲ್ಲ ಟ್ರ್ಯಾಕ್ಟರಿನದಾದರೂ ಹೆಂಗಸರಿಗೆ ಅವತ್ತು ಕೈ ಸ್ವಲ್ಪ ಬಿಡುವು. ಅವತ್ತು ಗಂಡಸರು ಯಾರೂ ಒಳಗೆ ಹೋಗುವಂತಿರಲಿಲ್ಲ, ನಾನು ಕೂಡ. ಗೇಟಿನ ಹೊರಗಿನ ನನ್ನ ಕೋಣೆಯಲ್ಲಿ ಕೂತಿರುತ್ತಿದ್ದೆ. ತಾಳಗುಂದದಿಂದ, ಬಳ್ಳಿಗಾವಿಯಿಂದ ಟೆಂಪೋದಲ್ಲಿ ಬರುತ್ತಿದ್ದರು. ಪೇಟೆಯಿಂದ ಬುರ್ಖಾ ಹಾಕಿಕೊಂಡು ಬಂದವರು ಅದನ್ನು ಮಡಿಚಿ ಗೋಡೆಯ ಮೇಲೆ ಸಾಲಾಗಿ ಇಟ್ಟು ನೀರಿಗೆ ಇಳಿಯುತ್ತಿದ್ದರಂತೆ. ಜಾರುಬಂಡೆಯ ತುದಿಯಲ್ಲಿ ಹೆದರಿ ಕೂತವರಿಗೆ ಆಪಾ ಕೆಳಗಿನಿಂದ ಕೂಗುವುದು ಗೋಡೆ ದಾಟಿ ನನಗೂ ಕೇಳುತ್ತಿತ್ತು:

"ಸೀರೆ ಕಚ್ಚೆ ಬಿಗಿ ಮಾಡ್ಕೊಳ್ರಿ! ಗಂಡನ ಹೆಸ್ರು ಹೇಳಿ ಜಾರ್ರಿ! ಇಲ್ಲಿ ಯಾರೂ ಕೇಳಲ್ಲ!"

ಜನ್ಮದಲ್ಲಿ ಗಂಡನ ಹೆಸರು ಬಾಯಿಂದ ತೆಗೆಯದ ಮುದುಕಿಯರು ಅದನ್ನು ಕಿರುಚುತ್ತ ಬಂದು ನೀರಿಗೆ ಬೀಳುತ್ತಿದ್ದರು. ಆಮೇಲೆ ನಗು.

ನನ್ನ ಹೆಂಡತಿ ಮಾತ್ರ ಬಂದಿರಲಿಲ್ಲ. ನಮ್ಮ ಮನೆ ಕುಪ್ಪಗಡ್ಡೆ. ಒಮ್ಮೆ ಬರುತ್ತೇನೆ ಎಂದಾಗ, "ಮ್ಯಾನೇಜರ್ ಹೆಂಡ್ತಿ ಜಾರುಬಂಡೆ ಜಾರಿದ್ರೆ ಚಂದ ಕಾಣ್ತದಾ?" ಎಂದಿದ್ದೆ.

ಸಾಹುಕಾರರು ಕಾಲವಾದ ಮೇಲೆ ಮಕ್ಕಳು ಪಾರ್ಕನ್ನು ಬೆಂಗಳೂರಿನ ಕಂಪನಿಗೆ ಮಾರಿದರು. ಆ ಕಂಪನಿಗೆ ಬೇರೆ ಬೇರೆ ಊರುಗಳಲ್ಲಿ ಇಂಥವೇ ಪಾರ್ಕುಗಳಿದ್ದವು. ಕಂಪನಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸಂಬಳ ಸರಿಯಾಗಿ ಬರುತ್ತಿತ್ತು. ತುಕ್ಕು ಹಿಡಿದ ಏಣಿ ಹೋಗಿ ಹೊಸದು ಬಂತು. ಆದರೆ ಎಲ್ಲ ಪಾರ್ಕಿಗೂ ಒಂದೇ ಕಾನೂನು: ಮನೆಯ ಬುತ್ತಿ ತರುವಂತಿಲ್ಲ, ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ, ನೈಲಾನ್ ಬಟ್ಟೆ ಅವರಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕು. ಕೊನೆಗೆ ಸೋಮವಾರದ ಮಾತು ಬಂತು. ಕಂಪನಿಯ ಕಡೆಯಿಂದ ಬಂದಿದ್ದ ಹುಡುಗ ಬಹಳ ಮರ್ಯಾದಸ್ಥ. "ಇದನ್ನ ನಿಲ್ಲಿಸಿದ್ರೆ ಊರಲ್ಲಿ ಏನಾದ್ರೂ ತೊಂದ್ರೆ ಆಗುತ್ತಾ ಸರ್? ನೀವು ಬೇಡ ಅಂದ್ರೆ ನಾನು ಮೇಲೆ ಮಾತಾಡ್ತೀನಿ" ಎಂದು ನನ್ನನ್ನೇ ಕೇಳಿದ. ಹೊಸ ಕಂಪನಿಯಲ್ಲಿ ನನ್ನ ಕುರ್ಚಿ ಇನ್ನೂ ಗಟ್ಟಿಯಾಗಿರಲಿಲ್ಲ.

"ಏನೂ ತೊಂದ್ರೆ ಇಲ್ಲ ಸಾರ್" ಅಂದೆ.

ಆಪಾಗೆ ತಿಳಿಸುವ ಕೆಲಸವೂ ನನ್ನದೇ ಆಗಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಸೋಮವಾರವೇ ಬಂದುಬಿಟ್ಟಿತು. ದಾವಣಗೆರೆ ಕಡೆಯ ಕಾಲೇಜು ಹುಡುಗರ ಬಸ್ಸು ಬೆಳಿಗ್ಗೆಯೇ ಒಳಗೆ ಹೋಗಿತ್ತು; ಹೆಂಗಸರು ಬರುವ ಹೊತ್ತಿಗೆ ಅವರು ಹೊರಡುತ್ತಾರೆಂದು ಆಪಾ ತಿಳಿದಿದ್ದರಂತೆ. ಆಮೇಲೆ ಟೆಂಪೋ ಬಂತು. ಕಿಟಕಿಯಿಂದ ನೋಡಿದೆ. ಕುಪ್ಪಗಡ್ಡೆಯ ಹೆಂಗಸರು, ನಡುವೆ ನನ್ನ ಹೆಂಡತಿ. ಸಂತೆಯಲ್ಲಿ ಆಪಾ ಸಿಕ್ಕಿ ಒತ್ತಾಯ ಮಾಡಿದ್ದರಂತೆ. ನನಗೆ ಹೇಳದೆ ಹೊರಟಿದ್ದಳು.

"ಇವತ್ತು ಮ್ಯಾನೇಜರ್ ಹೆಸ್ರು ಶಿಕಾರಿಪುರಕ್ಕೇ ಕೇಳ್ಬೇಕು ಕಣೆ!" ಎಂದು ಯಾರೋ ಛೇಡಿಸಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಗೇಟಿನವನು ತಡೆದ. ನಾನು ಕಿಟಕಿಯ ಪರದೆ ಎಳೆದು ಹಿಂದೆ ನಿಂತೆ. ಗಲಾಟೆ ಕೇಳಿ ಆಪಾ ಒಳಗಿನಿಂದ ಬಂದರು. ಗೇಟಿನವನು ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಪಂಪು ಕೆಟ್ಟೋಗೈತ್ರೀ, ನೀರೇ ಇಲ್ಲ" ಅಂದರು.

ಗೋಡೆಯಾಚೆ ಹುಡುಗರು ಹೋ ಎಂದು ಕಿರುಚುತ್ತಿದ್ದರು. ನೀರು ಧೋ ಎಂದು ಬೀಳುತ್ತಿತ್ತು.

"ಇವ್ರು ಎಲ್ಲಿ ಆಪಾ?" ಎಂದು ನನ್ನ ಹೆಂಡತಿ ಕೇಳಿದಳು.

"ಸಾಹೇಬ್ರು ಪಂಪಿನ ಸಾಮಾನು ತರಾಕೆ ಶಿವಮೊಗ್ಗಕ್ಕೆ ಹೋಗವ್ರೆ ಅಕ್ಕಾ."

ನನ್ನ ಸ್ಕೂಟರ್ ಅವಳ ಎದುರಿಗೇ ನಿಂತಿತ್ತು. ಅವಳು ಅದನ್ನು ನೋಡಿದಳು. "ಹಂಗಾರೆ ಬುತ್ತಿ ಇಲ್ಲೇ ಬಿಚ್ಚನ" ಅಂದಳು. ರಸ್ತೆ ಬದಿಯ ಮರದ ಕೆಳಗೆ ಎಲ್ಲರೂ ಕೂತು ಉಂಡರು. ಆಪಾ ಕೂಡ ಕೂತು, ಏನೇನೋ ಹೇಳಿ ಅವರನ್ನು ನಗಿಸಿ ಕಳಿಸಿದರು. ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದರು.

"ಒಂದು ಮಾತು ಮುಂಚೆ ಹೇಳಬಾರ್ದಿತ್ತಾ ಸಾಹೇಬ್ರೆ? ನಾನೇ ಹಳ್ಳಿಗೆ ಹೋಗಿ ಹೇಳಿ ಬರ್ತಿದ್ದೆ."

ಅಷ್ಟೇ. ಆ ಬೇಸಿಗೆ ಮುಗಿಸಿ ಕೆಲಸ ಬಿಟ್ಟರು. ಸೋಮವಾರದ ಟೆಂಪೋಗಳು ಮತ್ತೆ ಬರಲಿಲ್ಲ.

ಅವತ್ತು ರಾತ್ರಿ ಊಟ ಬಡಿಸುತ್ತ ಹೆಂಡತಿ, "ಸಾಮಾನು ಸಿಕ್ತಾ?" ಎಂದು ಕೇಳಿದಳು. "ಸಿಕ್ತು" ಅಂದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಆಪಾ ಹಾಸಿಗೆ ಹಿಡಿದಿದ್ದಾರೆಂದು ಹೋದ ವರ್ಷ ಕೇಳಿ ನೋಡಲು ಹೋದೆ. ನನ್ನದು ತಪ್ಪಾಯಿತು ಎಂದೆ. ಅವರು ನಕ್ಕರು.

"ನಾನು ಅದನ್ನ ಮನಸ್ಸಿಂದ ಅವತ್ತೇ ಬಿಟ್ಟಾಕ್ದೆ. ಅಕ್ಕಂಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಮೊದ್ಲು ಮನೆಗೆ ಹೋಗ್ರಿ."

ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು. ಖಬರಸ್ತಾನದಲ್ಲಿ ನಾನೂ ಹಿಡಿ ಮಣ್ಣು ಹಾಕಿ ಬಂದೆ. ಮನೆಯಲ್ಲಿ ಹೆಂಡತಿ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು. "ಒಳ್ಳೇ ಮನುಷ್ಯೆ. ನನ್ನನ್ನ ಒಂದ್ಸಲ ಕರ್ದಿದ್ರು" ಎಂದು ಅಲ್ಲೇ ನಿಂತಳು. ನಾನೇನಾದರೂ ಹೇಳಲಿ ಎಂದೇ ನಿಂತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದೆ.

ನಾನು ತಪ್ಪಾಯಿತು ಎಂದದ್ದನ್ನು ಆಪಾ ಕೇಳಿಸಿಕೊಂಡು ಹೋದರು. ನಾನಿನ್ನೂ ಆ ಮಾತು ಹೇಳದಿರುವುದು ನನ್ನ ಹೆಂಡತಿಗೆ.